ದನ ಹಟ್ಟಿಗೆ ಬರೋ ತನಕ

ನಾನು ಮೊದಲ ಸಲ ಮನೆ ಬಿಟ್ಟದ್ದು ಯುಗಾದಿಯ ಮಾರನೇ ದಿನ, ವರ್ಷತೊಡಕಿನಂದು. ಆವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಆವತ್ತು ಮಕ್ಕಳನ್ನು ಬೈಯುವುದಿಲ್ಲ, ಬಾಡೂಟವನ್ನಂತೂ ಯಾರೂ ತಪ್ಪಿಸುವುದಿಲ್ಲ. ಬಾಡಿನ ಸಾರಿಗೆ ಕೊತ್ತಂಬರಿ ಸೊಪ್ಪು ತಗೊಂಡು ಬಾ ಎಂದು ಅವ್ವ ನನ್ನನ್ನು ಹೊಳವನಹಳ್ಳಿ ಅಂಗಡಿಬೀದಿಗೆ ಕಳಿಸಿದಳು. ಅಲ್ಲೊಂದು ಬಸ್ಸು ನಿಂತಿತ್ತು. ಹತ್ತಿದೆ. ಏಳನೇ ಕ್ಲಾಸಿನ ಪರೀಕ್ಷೆ ಮುಂದಿತ್ತು. ಇವತ್ತಿಗೂ ಮುಂದೆಯೇ ಇದೆ. ಸೊಪ್ಪೂ ಅಷ್ಟೆ.

ಹೋಟೆಲು, ಲಾರಿ, ಟೂರಿಂಗ್ ಟಾಕೀಸು ಎಂದು ಸುತ್ತಿ, ಎಂಬತ್ತರ ಆಸುಪಾಸಿನಲ್ಲಿ ಮಧುಗಿರಿಯ ಒಂದು ಶಾಮಿಯಾನ ಅಂಗಡಿ ಸೇರಿದೆ. ಗಳ ನೆಡುವುದು, ಬಟ್ಟೆ ಕಟ್ಟುವುದು, ಮುಗಿದ ಮೇಲೆ ಬಿಚ್ಚುವುದು. ಮೂರನೆಯದು ನನಗೆ ತುಂಬ ಹಿಡಿಸಿತ್ತು. ಈ ಕೆಲಸದಲ್ಲಿರುವವನ ಕಣ್ಣೆದುರು ನಗೆಪಾಟಲು ತಾನಾಗಿ ನಡೆಯುತ್ತಲೇ ಇರುತ್ತದೆ. ರಸ್ತೆಯಲ್ಲಿ ನೆಟ್ಟಗೆ ನಡೆಯುವ ಮನುಷ್ಯ ಶಾಮಿಯಾನದ ಕೆಳಗೆ ಬಂದ ಕೂಡಲೇ ಬೇರೆಯೇ ಆಗಿಬಿಡುತ್ತಾನೆ. ಊರಿನ ಕಾಲೇಜೊಂದು ಕಲಾ ಸಪ್ತಾಹ ಮಾಡಿದಾಗ ಇದನ್ನು ನಾನು ವಾರವಿಡೀ ಕಣ್ಣಾರೆ ಕಂಡೆ.

ಕುರ್ಚಿಗಳು ಮೇಲೆ ಹೋದದ್ದು

ಸಪ್ತಾಹಕ್ಕೆ ಒಂದು ಜಾನಪದ ಕಾರ್ಯಕ್ರಮ ಬೇಕು ಎಂದು ಕನ್ನಡದ ಮೇಷ್ಟ್ರು ಗಳ ನೆಡುತ್ತಿದ್ದ ನನ್ನನ್ನೇ ಕೇಳಿದ್ದರು. ಮದಲೂರು ಕೆರೆಯಾಚೆ ಒಂದು ಗೊಲ್ಲರ ಹಟ್ಟಿಯಲ್ಲಿ ನಾನು ಒಂದು ಬೇಸಿಗೆ ಕಳೆದಿದ್ದೆ. ಅಲ್ಲೊಬ್ಬ ತಾತ ಗಣೆ ಊದುತ್ತಿದ್ದ. ಗಣೆ ಎಂದರೆ ಆಳುದ್ದದ ಬಿದಿರಿನ ಕೊಳಲು. ಅದನ್ನೂದಿ, ನಡುನಡುವೆ ದೇವರ ಕಥೆ ಹಾಡುತ್ತಾರೆ. ಅವನನ್ನೇ ಕರೆಸಿದೆ. ಅಳಿಯನನ್ನು ಜೊತೆಗೆ ಕರಕೊಂಡು ತಾತ ಮೊದಲ ದಿನವೇ ಬಂದಿಳಿದ.

ಆವತ್ತು ಉದ್ಘಾಟನೆ. ವೇದಿಕೆ ಎಂಟು ಜನರಿಗೆ ಅಂತ ಕಟ್ಟಿದ್ದೆ. ಪೀಪಾಯಿಗಳ ಮೇಲೆ ಹಲಗೆ. ಇದಕ್ಕಿಂತ ಹೆಚ್ಚು ಜನ ಬೇಡ ಸಾರ್ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಕಟ್ಟೋದು ನಿನ್ನ ಕೆಲಸ, ಕರೆಯೋದು ನನ್ನ ಕೆಲಸ ಎಂದರು. ಮೈಕಿನಲ್ಲಿ ಒಬ್ಬೊಬ್ಬರನ್ನೇ ವೇದಿಕೆಗೆ ಆಹ್ವಾನಿಸುತ್ತ ಹೋದರು. ಪುರಸಭೆಯವರು, ವರ್ತಕರು, ಹಳೇ ವಿದ್ಯಾರ್ಥಿಗಳು, ಕರೆಯದಿದ್ದರೆ ಬೇಜಾರಾಗುವವರು, ಬೇಜಾರಾದವರು. ಮೇಲೆ ಕುರ್ಚಿ ಸಾಲದೆ ಕೆಳಗಿನ ಕುರ್ಚಿಗಳನ್ನೇ ಒಂದೊಂದಾಗಿ ಎತ್ತಿಕೊಟ್ಟೆವು. ಕೊನೆಗೆ ಕೆಳಗೆ ಉಳಿದದ್ದು ಬರೀ ಜಮಖಾನ, ಅದರ ಮೇಲೆ ನಾನು, ತಾತ, ತಾತನ ಅಳಿಯ.

ತಾತ ಗಣೆ ಹಿಡಿದು ಮೇಲೆ ನೋಡಿದ. "ಲೇ ಮಗ, ಇವ್ರೆಲ್ಲ ಹಾಡೋರಾ?" ಎಂದ. ಅಲ್ಲ ತಾತ, ಮಾತಾಡೋರು ಎಂದೆ. "ಕೇಳೋರು ಯಾರು ಮತ್ತೆ?" ಎಂದ. ನಾವೇ ಎಂದೆ.

ಅಷ್ಟರಲ್ಲಿ ಹಲಗೆಗಳು ನರಳಲು ಶುರುಮಾಡಿದವು. ಎಡಗಡೆಯ ಪೀಪಾಯಿ ಮೆಲ್ಲಗೆ ತಗ್ಗಿತು. ಗಣ್ಯರ ಸಾಲು ಹಾರಗಳ ಸಮೇತ ಒಂದೇ ಕಡೆಗೆ ಜಾರಿ ಒಬ್ಬರ ಮೇಲೊಬ್ಬರು ಒರಗಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಅರ್ಧ ತಾಸು ಅವರನ್ನು ಕೆಳಗಿಳಿಸುವುದರಲ್ಲಿ ಹೋಯಿತು, ತಾತನ ಹಾಡು ನಾಳೆಗೆ ಹೋಯಿತು. ಪ್ರಿನ್ಸಿಪಾಲರು ನನ್ನನ್ನು ಕರೆದು, ಏನಯ್ಯಾ ಹೀಗಾ ಕಟ್ಟೋದು ಎಂದರು. ಕಟ್ಟೋದು ಸರಿಯಾಗೇ ಇದೆ ಸಾರ್, ಕರೆಯೋದು ಜಾಸ್ತಿ ಆಯ್ತು ಎಂದೆ.

ಪಾವಗಡದ ರಾಜ

ಮಾರನೇ ದಿನ ನಾಟಕ ಸ್ಪರ್ಧೆ. ಪಾವಗಡದ ತಂಡದಲ್ಲಿ ರಾಜನ ಪಾತ್ರ ಮಾಡುವವನು ನೋಡಲು ನಿಜವಾದ ರಾಜನೇ, ಮೀಸೆಯೂ ಸ್ವಂತದ್ದು. ಸಮಾಧಾನವಾಗಿರುವ ತನಕ ಅಚ್ಚ ಕನ್ನಡ. ಕೋಪ ಬಂದರೆ ಮಾತ್ರ ತೆಲುಗು ತಾನಾಗೇ ನುಗ್ಗಿಬಿಡುತ್ತಿತ್ತು. ಮಂತ್ರಿಯ ಮೋಸ ಗೊತ್ತಾಗುವ ಕಡೆ ಕತ್ತಿ ಹಿರಿದು, "ಏಂ ರಾ, ನನ್ನು ಎವರನುಕುಂಟಿವಿ ರಾ!" ಎಂದು ಗುಡುಗಿದ. ಏನೋ, ನನ್ನನ್ನ ಯಾರು ಅಂದ್ಕೊಂಡೆಯೋ ಎಂದರ್ಥ. ಗಡಿನಾಡಿನ ಹುಡುಗರು ಸೀಟಿ ಹೊಡೆದರು.

ತೀರ್ಪುಗಾರರು ನಾಟಕ ನಿಲ್ಲಿಸಿದರು. ಇದು ಕನ್ನಡ ನಾಟಕ ಸ್ಪರ್ಧೆ, ಇನ್ನೊಂದು ತೆಲುಗು ಮಾತು ಬಂದರೆ ಆಚೆಗೆ ಹಾಕ್ತೀವಿ ಎಂದರು. ರಾಜ ಕತ್ತಿ ಕೆಳಗಿಳಿಸಲಿಲ್ಲ. ಕೋಪ ನನ್ನದು, ಅದು ನಮ್ಮೂರ ಕೋಪ, ಅದಕ್ಕೆ ಕನ್ನಡ ಕಲಿಸೋಕೆ ಪುರುಸೊತ್ತಾಗಿಲ್ಲ ಎಂದ. ಚರ್ಚೆ ನಾಟಕಕ್ಕಿಂತ ಉದ್ದವಾಯಿತು. ಕೊನೆಗೆ ಒಪ್ಪಂದವಾಯಿತು: ರಾಜನಿಗೆ ಕೋಪ ಬಂದಾಗ ಬಾಯಿ ಬಿಡಬಾರದು.

ಪಾಪ, ಅವನು ಬಾಯಿ ಬಿಡಲಿಲ್ಲ. ಮಂತ್ರಿ ಮೋಸ ಮಾಡಿದ. ರಾಜ ತುಟಿ ಕಚ್ಚಿಕೊಂಡ. ಸೇನಾಪತಿ ಕೈಕೊಟ್ಟ; ರಾಜನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಪ್ರೇಕ್ಷಕರು ಉಸಿರು ಹಿಡಿದು ನೋಡಿದರು. ತೀರ್ಪುಗಾರರು ಮೆಚ್ಚಿ, ಸಂಯಮದ ಅಭಿನಯಕ್ಕೆಂದು ಹೊಸದಾಗಿ ಒಂದು ಬಹುಮಾನ ಹುಟ್ಟಿಸಿ ಅವನಿಗೇ ಕೊಟ್ಟರು. ರಾಜ ಬಟ್ಟಲು ಎತ್ತಿ ಹಿಡಿದು, ಅಷ್ಟು ಹೊತ್ತು ತಡೆದಿದ್ದನ್ನೆಲ್ಲ ಸೇರಿಸಿ, ಕೃತಜ್ಞತೆಯ ಭಾಷಣವನ್ನು ಪೂರ್ತಿ ತೆಲುಗಿನಲ್ಲಿ ಮಾಡಿದ.

ತಾತನ ಹಾಡು ಮತ್ತೆ ನಾಳೆಗೆ ಹೋಯಿತು. ಊರಿಗೆ ಹೋಗಿ ಆಮೇಲೆ ಬಾ ತಾತ ಎಂದೆ. ತಾತ ಆಗಲ್ಲ ಎಂದು ತಲೆಯಾಡಿಸಿದ. "ಗಣೆಯ ಗುಡಿಯಿಂದ ಆಚಿಗ್ ತಂದ್ಬುಟ್ಟಿವ್ನಿ ಕಣ್ಲಾ. ನುಡೀದೆ ಇದು ಒಳಿಕ್ಕೆ ಹೋಗಂಗಿಲ್ಲ. ಹಟ್ಟಿಯೋರು ನನ್ನೂ ಸೇರಿಸಕ್ಕಿಲ್ಲ." ಗಣೆಯನ್ನು ಶಾಮಿಯಾನದ ಗಳಕ್ಕೆ ಒರಗಿಸಿ, ಅದರ ಬುಡದಲ್ಲೇ ಕಂಬಳಿ ಹಾಸಿಕೊಂಡ. ಕರೆಸಿದವನು ನಾನು. ಹಾಗಾಗಿ ನಾನೂ ಅಲ್ಲೇ ಮಲಗಿದೆ.

ತೋವಿನಕೆರೆ ಬಸ್ಸು

ರಂಗೋಲಿ ಸ್ಪರ್ಧೆಯ ದಿನ ಹುಡುಗಿಯರು ಶಾಮಿಯಾನದ ನೆಲವನ್ನೆಲ್ಲ ತುಂಬಿಸಿಬಿಟ್ಟರು. ಓಡಾಡಲು ದಾರಿ ಬಿಡಬೇಕು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಅಂಚಿನವರು ಎದ್ದು ಹೊರಗೆ ಬಂದರು. ನಡುವಿನವರು ನಡುವೆಯೇ ಉಳಿದರು. ಸುತ್ತಲೂ ನವಿಲು, ಕಮಲ, ತೇರು, ಕಾಲಿಡಲು ಜಾಗವಿಲ್ಲ. ಸಂಜೆ ದೊಡ್ಡ ಅಧಿಕಾರಿಗಳು ಬಂದು ನೋಡುವ ತನಕ ಯಾರೂ ಅಳಿಸಕೂಡದು ಎಂದು ಪ್ರಿನ್ಸಿಪಾಲರ ಅಪ್ಪಣೆ. ಒಳಗಿದ್ದವರಿಗೆ ನಾವು ಉದ್ದನೆಯ ಗಳದ ತುದಿಗೆ ಪೊಟ್ಟಣ ಕಟ್ಟಿ ಬೋಂಡ ದಾಟಿಸಿದೆವು. ತಾತ ನಿಲ್ಲುವುದೆಲ್ಲಿ? ಅವನು ನವಿಲು ತುಳಿಯುವವನಲ್ಲ. ಆವತ್ತೂ ಹಾಡಿಲ್ಲ.

ನಾಲ್ಕೂವರೆಗೆ ನಡುವೆ ಕೂತಿದ್ದ ಒಬ್ಬಳು ಎದ್ದು ನಿಂತಳು. ತೋವಿನಕೆರೆಗೆ ಹೋಗುವ ಹುಡುಗಿ. ಲಂಗ ಸ್ವಲ್ಪ ಎತ್ತಿ ಹಿಡಿದು, ತನ್ನ ರಂಗೋಲಿಯಿಂದಲೇ ಶುರುಮಾಡಿ, ಎಲ್ಲರ ರಂಗೋಲಿಯ ಮೇಲೂ ನೆಟ್ಟಗೆ ನಡೆದುಕೊಂಡು ಬಂದಳು. ಹುಡುಗಿಯರು ಕಿರುಚಿದರು. ಅವಳು ತಿರುಗಿ, "ರಂಗೋಲಿ ನಾಳೆನೂ ಹಾಕ್ಬೋದು ಕಣ್ರೇ. ತೋವಿನಕೆರೆ ಬಸ್ಸು ನಾಳೆಗಂಟ ಕಾಯಲ್ಲ" ಎಂದು ಹೊರಟೇ ಹೋದಳು. ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು.

ಸಂಜೆ ತೀರ್ಪುಗಾರರು ನನ್ನ ಏಣಿ ಹತ್ತಿ ಮೇಲಿಂದ ನೋಡಿದರು. ಎಲ್ಲಾ ಹಳೇ ಮಾದರಿಗಳೇ, ಆದರೆ ನಡುವಿನಿಂದ ಬಾಗಿಲ ತನಕ ಮೂಡಿರುವ ಲಕ್ಷ್ಮಿಯ ಹೆಜ್ಜೆ ಮಾತ್ರ ಅದ್ಭುತ, ಎಷ್ಟು ಸಹಜವಾಗಿದೆ ನೋಡಿ ಎಂದು ಅದಕ್ಕೇ ಮೊದಲ ಬಹುಮಾನ ಘೋಷಿಸಿದರು. ಲಕ್ಷ್ಮಿ ಆಗ ಕೊರಟಗೆರೆ ದಾಟಿದ್ದಳು.

ಗೋಣಿಚೀಲ

ಕವಿಗೋಷ್ಠಿಗೆ ಸುತ್ತಲಿನ ನಾಲ್ಕೂ ತಾಲ್ಲೂಕಿನ ಕವಿಗಳು ಬಂದಿದ್ದರು. ಕವಿಗಳಿಗೆ ಒಂದು ಚಾಳಿ ಇದೆ: ತಮ್ಮ ಕವಿತೆ ಓದಿದ ಕೂಡಲೇ ಅವರಿಗೆ ತುರ್ತು ಕೆಲಸ ಬರುತ್ತದೆ. ಹಿಂದಿನ ವರ್ಷ ಕೊನೆಯ ಕವಿ ಖಾಲಿ ಜಮಖಾನಕ್ಕೆ ಓದಿದ್ದನಂತೆ. ಏನಾದರೂ ಉಪಾಯ ಮಾಡು ಎಂದು ಕನ್ನಡದ ಮೇಷ್ಟ್ರು ನನಗೆ ಹೇಳಿದರು. ನಾನು ಗಳದ ಹಗ್ಗ ತುಂಬುವ ಗೋಣಿಚೀಲ ತಂದು, ಬಾಗಿಲಲ್ಲಿ ಬಿಟ್ಟಿದ್ದ ಮೆಟ್ಟುಗಳನ್ನೆಲ್ಲ ಅದರೊಳಗೆ ಹಾಕಿ, ಬಾಯಿಗೆ ಗಂಟು ಬಿಗಿದು, ಅದರ ಮೇಲೇ ಕೂತೆ.

ಮೊದಲು ಓದಿದವರು ಹೊರಗೆ ಬಂದರು, ನೋಡಿದರು, ವಾಪಸು ಹೋಗಿ ಕೂತರು. ಒಬ್ಬರು ಹೆದರಿಸಿದರು, ಒಬ್ಬರು ಬೇಡಿಕೊಂಡರು. ಕೊನೆಯ ಕವಿತೆ ಮುಗಿದ ಮೇಲೆ ಬನ್ನಿ ಎಂದೆ. ಒಳಗೆ ಚಪ್ಪಾಳೆ ಜೋರಾಯಿತು. ಬೇಗ ಮುಗಿಸಲಿ ಎಂದು ಪ್ರತಿ ಸಾಲಿಗೂ ತಟ್ಟುತ್ತಿದ್ದರು. ಆ ಗಲಾಟೆಯಲ್ಲಿ ಕೊನೆಗೆ ಓದಿದವರು ಶಿರಾದ ಒಬ್ಬ ಸಾಬರು, ಉರ್ದು ಕವಿ. ವಾಹ್ ವಾಹ್ ಕೇಳಿ ಹಿಗ್ಗಿ, ಇನ್ನೂ ಎರಡು ಓದಿದರು.

ಚೀಲ ಬಿಚ್ಚಿದಾಗ ಕವಿಗಳು ಮೆಟ್ಟಿಗಾಗಿ ಒಬ್ಬರ ಮೇಲೊಬ್ಬರು ಬಿದ್ದರು. ಸಾಬರು ದೂರ ನಿಂತು ನೋಡುತ್ತಿದ್ದರು. ಆಮೇಲೆ ನನ್ನ ಹೆಗಲ ಮೇಲೆ ಕೈಹಾಕಿ, "ಮಿಯಾ, ಇಷ್ಟು ವರ್ಷದಲ್ಲಿ ನನ್ನ ಶಾಯಿರಿ ಜನ ಕೊನೇ ತನಕ ಕೇಳಿದ್ದು ಇವತ್ತೇ. ನಿಮ್ಮ ಚೀಲ ಶಿರಾಗೆ ಬಾಡಿಗೆಗೆ ಕೊಡ್ತೀರಾ?" ಎಂದರು.

ಕೊನೇ ಕವಿತೆ ಮುಗಿಯುವಷ್ಟರಲ್ಲಿ ಹೊತ್ತು ಮೀರಿತ್ತು. ತಾತನಿಗೆ ಮತ್ತೆ ನಾಳೆ.

ಕಾಡಿಗೆ ಹೋದ ದನ

ಕೊನೆಯ ದಿನ ಬಂತು. ಸಮಾರೋಪಕ್ಕೆ ಬೆಂಗಳೂರಿಂದ ದೊಡ್ಡ ವಿದ್ವಾಂಸರು ಬರುವವರಿದ್ದರು. ಅವರ ಭಾಷಣದ ವಿಷಯ, ಅಳಿಯುತ್ತಿರುವ ಜಾನಪದವನ್ನು ಉಳಿಸುವುದು ಹೇಗೆ ಎನ್ನುವುದು. ತಾತನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನು ಕೇಳಿದೆ. ಇವತ್ತು ಸಮಯವಿಲ್ಲ, ಶಾಲು ಹೊದಿಸಿ ಕಳಿಸ್ತೀವಿ ಎಂದರು ಪ್ರಿನ್ಸಿಪಾಲರು. ತಾತನಿಗೆ ಹೇಳಿದೆ. ಶಾಲು ಊದಕ್ಕೆ ಬತ್ತದಾ ಎಂದ.

ನಮ್ಮ ಪುಣ್ಯಕ್ಕೆ ವಿದ್ವಾಂಸರ ಕಾರು ದಾರಿಯಲ್ಲಿ ಕೆಟ್ಟಿತು. ಜನ ಎದ್ದು ಹೋಗತೊಡಗಿದರು. ಪ್ರಿನ್ಸಿಪಾಲರು ಓಡಿಬಂದು, ಐದು ನಿಮಿಷ ನಿಮ್ಮ ತಾತನ್ನ ಹತ್ತಿಸು ಎಂದರು. ತಾತ ವೇದಿಕೆ ಹತ್ತಿ, ಗಣೆ ಮುಂದೆ ಯಾರೂ ಮೆಟ್ಟು ಹಾಕಿರಬಾರದು ಎಂದ. ಪ್ರಿನ್ಸಿಪಾಲರೂ ಸೇರಿ ಎಲ್ಲರೂ ಬಿಚ್ಚಿದರು. ಕೈಗೆ ರೂಢಿಯಾಗಿಬಿಟ್ಟಿತ್ತು, ನಾನು ಎಲ್ಲವನ್ನೂ ಚೀಲಕ್ಕೆ ತುಂಬಿದೆ.

ತಾತ ಊದಿದ. ಆಮೇಲೆ ಹಾಡಿದ. ಅವರ ದೇವರು ಎಳೇ ವಯಸ್ಸಿನಲ್ಲಿ ದನ ಹೊಡಕೊಂಡು ಕಾಡಿಗೆ ಹೋಗುವ ಕಥೆ. ಹೋದವರೆಲ್ಲ ಒಬ್ಬೊಬ್ಬರಾಗಿ ವಾಪಸು ಬಂದು ಕೂತರು. ಅಷ್ಟರಲ್ಲಿ ವಿದ್ವಾಂಸರೂ ಬಂದರು. ಸಂಪ್ರದಾಯ ಕೇಳಿ ಸಂತೋಷದಿಂದ ಬೂಟು ಬಿಚ್ಚಿಕೊಟ್ಟರು. ಮುಂದಿನ ಸಾಲಿನಲ್ಲಿ ಕೂತು, ಟೈಪು ಮಾಡಿದ ಭಾಷಣವನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಐದು ನಿಮಿಷ ಯಾವಾಗಲೋ ಮುಗಿದಿತ್ತು. ಇನ್ನೆಷ್ಟು ಹೊತ್ತಂತೆ ಕೇಳು ಎಂದು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ದನಿ ಕೊಡುತ್ತಿದ್ದ ಅಳಿಯ ನನ್ನ ಕಿವಿಯಲ್ಲಿ ಹೇಳಿದ. ಬಂದು ತಿಳಿಸಿದೆ: ದನ ಈಗ ಕಾಡಲ್ಲಿವೆಯಂತೆ ಸಾರ್. ಕಾಡಿಗೆ ಹೊಡೆದ ದನ ಹಟ್ಟಿಗೆ ಬರೋ ತನಕ ನಿಲ್ಲಿಸೋ ಹಂಗಿಲ್ಲವಂತೆ.

ಸ್ವಲ್ಪ ಹೊತ್ತಿಗೆ ಮತ್ತೆ ಕಳಿಸಿದರು. ಈಗ ಮೇಯ್ತಾ ಇವೆಯಂತೆ ಸಾರ್. ಮತ್ತೆ ಕಳಿಸಿದರು. ನೀರಿಗಿಳಿದಿವೆಯಂತೆ. ಇನ್ನೇನು ಹೊರಟವು ಎನ್ನುವಾಗ ತಾತನ ದನಿ ನಡುಗಿತು. ಹೋಗಿ ಕೇಳಿದೆ. ಒಂದು ಕರು ತಪ್ಪಿಸಿಕೊಂಡಿತ್ತು.

ಪ್ರಿನ್ಸಿಪಾಲರ ತಾಳ್ಮೆ ಮುಗಿಯಿತು. ಪರದೆಯ ಹಗ್ಗ ನನ್ನ ಕೈಯಲ್ಲಿತ್ತು. "ಪರದೆ ಬಿಡು" ಎಂದರು.

"ಬಿಡಲ್ಲ ಸಾರ್."

"ಯಾಕೆ?"

"ಕರ ಇನ್ನೂ ಸಿಕ್ಕಿಲ್ಲ."

"ನಿನ್ನ ಕೆಲಸ ಹೋಗುತ್ತೆ ನೋಡು."

"ಹೋಗೋನು ನಾನು ಸಾರ್. ಕೆಲಸ ಇಲ್ಲೇ ಇರುತ್ತೆ."

ಅವರೇ ಹಗ್ಗಕ್ಕೆ ಕೈಹಾಕಿದರು. ನಾನು ಅದನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡೆ. ಆಗ ವಿದ್ವಾಂಸರು ಎದ್ದು ಬಂದು, ನನಗೆ ಬೆಂಗಳೂರಿಗೆ ಹೊತ್ತಾಯ್ತು, ಬೂಟು ಕೊಡಪ್ಪ ಎಂದರು. ಚೀಲ ತೋರಿಸಿದೆ. ದನ ಬಂದ ಮೇಲೆ ಬಿಚ್ಚೋದು ಸ್ವಾಮಿ ಎಂದೆ. ಅವರು ಚೀಲ ನೋಡಿದರು, ವೇದಿಕೆ ನೋಡಿದರು, ಬರಿಗಾಲಲ್ಲೇ ಹೋಗಿ ಕೂತರು. ಆಮೇಲೆ ಅವರು ನನ್ನನ್ನು ಕರೆಸಿದ್ದು ಒಂದೇ ಸಲ, ಕರು ಸಿಕ್ಕಿತಾ ಎಂದು ಕೇಳಲು.

ಹೊರಗೂ ದನ ಮನೆಗೆ ಬರುವ ಹೊತ್ತಾಗಿತ್ತು. ಕರು ಸಿಕ್ಕಿತು. ದನಗಳು ಒಂದೊಂದಾಗಿ ಹಟ್ಟಿ ಸೇರಿದವು. ಶಾಮಿಯಾನಕ್ಕೆ ಶಾಮಿಯಾನವೇ ಎದ್ದು ನಿಂತು ಹೋಯ್ ಎಂದು ಕೂಗಿತು. ತಾತ ಗಣೆಯನ್ನು ಹೆಗಲಿಗೆ ಏರಿಸಿ, ಹಣೆಯ ಬೆವರು ಒರೆಸಿಕೊಂಡು, ವಿದ್ವಾಂಸರ ಮುಂದೆ ಬಂದು ಕೈಮುಗಿದ.

"ಈಗ ನೀವು ಮಾತಾಡಿ ಸ್ವಾಮಿ. ಆದ್ರೆ ನಮ್ನ ಅರ್ಧ ದಾರೀಲಿ ಕಾಡ್ನಾಗೆ ಬುಟ್ಬುಟ್ಟು ಹೋಗ್ಬ್ಯಾಡಿ."

ವಿದ್ವಾಂಸರು ಭಾಷಣದ ಹಾಳೆಗಳನ್ನು ತಿರುವಿ ನೋಡಿದರು. ಇದರಲ್ಲಿ ಹೊರಟಿದ್ದೇನೆ, ವಾಪಸು ಬರೋ ದಾರಿ ಬರೆದಿಲ್ಲ ಎಂದು ಮಡಿಸಿ ಜೇಬಿಗಿಟ್ಟರು. ಚೀಲ ಬಿಚ್ಚಿ ಮೊದಲು ಅವರ ಬೂಟು ಕೊಟ್ಟೆ.

ನಮ್ಮ ಶಾಮಿಯಾನ ಅಂಗಡಿಯ ಸಾಹುಕಾರರು ವಿಭೂತಿ ಹಣೆಯ ಸಾಧು ಮನುಷ್ಯ. ಬೇಜಾರಿನಿಂದಲೇ, ನಾಳೆಯಿಂದ ಬರಬೇಡಪ್ಪ ಎಂದರು. ನಾಳೆ ತನಕ ಇರೋನು ಯಾರು ಸಾಹುಕಾರ್ರೆ ಎಂದೆ. ಹೊರಗೆ ತಾತ, ಅಳಿಯ ಶಿರಾ ಬಸ್ಸಿಗೆ ಕಾಯುತ್ತಿದ್ದರು. ಬಟ್ಟೆ ತುಂಬಿಕೊಳ್ಳಲು ಆ ಗೋಣಿಚೀಲವನ್ನೇ ಕೇಳಿ ಇಸಕೊಂಡೆ. ಕೊಡವಿದಾಗ ತಳದಿಂದ ಒಂದು ಜೊತೆ ಮೆಟ್ಟು ಬಿತ್ತು. ಒಳ್ಳೆ ಚರ್ಮದವು, ಪಾಲಿಷ್ ಹೊಳೆಯುತ್ತಿತ್ತು. ಪ್ರಿನ್ಸಿಪಾಲರು ನನ್ನನ್ನು ಕೇಳಲು ಮನಸ್ಸಾಗದೆ ಬರಿಗಾಲಲ್ಲೇ ಮನೆಗೆ ಹೋಗಿದ್ದರು.

ಅವನ್ನು ವೇದಿಕೆಯ ಮೇಲೆ, ಅಧ್ಯಕ್ಷರ ಕುರ್ಚಿಯ ಮುಂದೆ ಜೋಡಿಸಿಟ್ಟೆ. ಒಂದೇ ಕುರ್ಚಿ, ಒಂದೇ ಜೊತೆ. ವಾರದಲ್ಲಿ ಮೊದಲ ಸಲ ವೇದಿಕೆ ಅಲುಗಾಡದೆ ನಿಂತಿತ್ತು. ಚೀಲಕ್ಕೆ ಎರಡು ಅಂಗಿ ಹಾಕಿ, ಗಂಟು ಸಡಿಲವಾಗಿಯೇ ಕಟ್ಟಿ, ಹೆಗಲಿಗೆ ಹಾಕಿಕೊಂಡೆ.