ಹೆಡ್ ಮೇಡಂ ಎಡಗಿವಿ

ಎರಡು ಸ್ಪೀಕರ್ ಇಟ್ಟು ಪಾಠ ಮಾಡುವ ಯೋಚನೆ ತಲೆಗೆ ಹೊಳೆಯದೇ ಹೋಗಿದ್ದರೆ ಫಿಸಿಕ್ಸ್ ಮೇಷ್ಟ್ರು ಆ ದಿನ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಆದರೆ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದಕ್ಕೂ ಮುಂಚೆ ಹೆಡ್ ಮೇಡಂ ಪಾಠ ನೋಡಲು ಬರುವವರಿದ್ದರು. ಬೋರ್ಡಿನ ಮೇಲೆ ಅಲೆ ಬರೆದರೆ ಮಕ್ಕಳೇ ಆಕಳಿಸುತ್ತವೆ, ಇನ್ನು ಮೇಡಂ ಗೊರಕೆ ಹೊಡೆಯುವುದೇ ಸೈ ಎಂದುಕೊಂಡು ಮೇಷ್ಟ್ರು ಪ್ರಯೋಗಕ್ಕೇ ಕೈಹಾಕಿದರು.

ಮೇಜಿನ ಎರಡು ತುದಿಗೆ ಎರಡು ಸ್ಪೀಕರ್. ಎರಡರಿಂದಲೂ ಒಂದೇ ಸ್ವರ, ಹಲ್ಲುನೋವಿನವರು ನರಳಿದ ಹಾಗೆ ‘ಊಂ...’ ಎಂದು.

“ಎಲ್ರೂ ಬಲಗಿವಿ ಗಟ್ಟಿಯಾಗಿ ಮುಚ್ಕೊಳ್ಳಿ. ಎಡಗಿವೀಲಿ ಮಾತ್ರ ಕೇಳಿ,” ಎಂದರು ಮೇಷ್ಟ್ರು. “ಎರಡು ಅಲೆ ಸೇರಿದಾಗ ಕೆಲವು ಕಡೆ ಸದ್ದು ಜೋರಾಗತ್ತೆ, ಕೆಲವು ಕಡೆ ಒಂದನ್ನೊಂದು ನುಂಗಿಬಿಡತ್ತೆ. ತಲೆ ಸ್ವಲ್ಪ ಆಚೀಚೆ ಮಾಡಿ, ಗೊತ್ತಾಗತ್ತೆ.”

“ಅಯ್ಯೋ, ಹೌದು ಸಾರ್!” ಎಂದು ಮಕ್ಕಳು ಕೂಗಿದವು.

ಕೊನೆ ಬೆಂಚಿನಲ್ಲಿ ತಾವೂ ಬಲಗಿವಿ ಒತ್ತಿ ಹಿಡಿದು ಕೂತಿದ್ದ ಹೆಡ್ ಮೇಡಂ, “ನಂಗೇನೂ ಕೇಳ್ತಿಲ್ಲ,” ಎಂದರು.

“ಅದೇ ಮೇಡಂ ಇದರ ಸ್ವಾರಸ್ಯ!” ಮೇಷ್ಟ್ರು ಹಿಗ್ಗಿ, ಪಕ್ಕಕ್ಕೆ ಸರಿಯುವಂತೆ ಕೈಸನ್ನೆ ಮಾಡಿದರು. ಮೇಡಂ ಸರಿದರು. ಕೇಳಲಿಲ್ಲ. ಇನ್ನಷ್ಟು ಸರಿದರು. ಬೆಂಚಿನ ತುದಿಯಲ್ಲಿದ್ದ ಹುಡುಗಿ ಧೊಪ್ಪನೆ ಕೆಳಗೆ ಬಿದ್ದಳು. ಆ ಸದ್ದೂ ಮೇಡಂಗೆ ಕೇಳಲಿಲ್ಲ.

ಮೇಷ್ಟ್ರು ಮೇಜಿನತ್ತ ಬಗ್ಗಿದರು. ಒಂದು ಸ್ಪೀಕರಿನ ಸ್ವರವನ್ನು ಕೂದಲೆಳೆಯಷ್ಟು ಏರಿಸಿದರು. ಬೀಟ್ಸ್ ಶುರುವಾಯಿತು. ಸದ್ದು ‘ವೊಂ... ವೊಂ...’ ಎಂದು ಉಬ್ಬಿ ಇಳಿದು, ಮತ್ತೆ ಉಬ್ಬಿ, ಕಿಟಕಿಯ ಗಾಜೆಲ್ಲ ಗದಗುಟ್ಟಿತು. ಇನ್ನು ಕೂತ ಜಾಗದ ನೆಪವಿಲ್ಲ, ಎಲ್ಲಿ ಕೂತರೂ ಕೇಳಲೇಬೇಕು.

“ಈಗ?” ಎಂದು ಮೇಷ್ಟ್ರು ಹುಬ್ಬು ಹಾರಿಸಿದರು.

ಮೇಡಂ ಮುಖ ಸುಣ್ಣ ಬಳಿದಂತಾಯಿತು. “ಅಯ್ಯಯ್ಯೋ, ನನ್ನ ಕಿವಿ ಹೋಯ್ತು! ಏನ್ರೀ ಮಾಡಿದ್ರಿ ನನ್ನ ಕಿವಿಗೆ?”

ಕೂಗು ಕೇಳಿ ಬಂದ ಡ್ರಿಲ್ ಮಾಸ್ತರು ಮೇಡಂರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಿವಿ ಡಾಕ್ಟರ ಹತ್ತಿರ ಓಡಿದರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿ ಮೇಡಂ, “ಎಡಗಿವಿ ಪೂರ್ತಿ ಹೋಯ್ತಂತೆ,” ಎಂದರು. ಟೀ ಮುಗಿಯುವುದರೊಳಗೆ ಗುಮಾಸ್ತ ಬಂದ. “ಎರಡೂ ಹೋಯ್ತಂತೆ ಸಾರ್. ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಲ್ವಂತೆ.”

“ಯಾರಯ್ಯ ಹೇಳಿದ್ದು?” ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

“ಎಲ್ರೂ ಹೇಳ್ತಿದಾರೆ.”

“ಹೆದರಬೇಡಿ,” ಎಂದು ಕೆಮಿಸ್ಟ್ರಿ ಮೇಡಂ ಸಮಾಧಾನ ಹೇಳಿದರು. “ಕೆಲಸ ಹೋಯ್ತು ಅಂತ್ಲೇ ಇಟ್ಕೊಳ್ಳಿ. ಆಮೇಲೆ ಹೆದರೋಕೆ ಏನಿರತ್ತೆ?”

ಅಷ್ಟರಲ್ಲಿ ಹೆಡ್ ಮೇಡಂ ಬಾಗಿಲಲ್ಲಿ ನಿಂತಿದ್ದರು, ಮುಖದ ತುಂಬ ನಗು.

“ಪಾಪ, ಏನೂ ಕೇಳಿಸ್ತಿಲ್ಲ, ಅದಕ್ಕೇ ಸುಮ್ನೆ ನಗ್ತಿದಾರೆ,” ಗುಮಾಸ್ತ ಪಿಸುಗುಟ್ಟಿದ.

ಹೇಗೂ ಕೆಲಸ ಹೋಯಿತು. ಮೇಷ್ಟ್ರಿಗೆ ಎಲ್ಲಿಲ್ಲದ ಧೈರ್ಯ ಬಂತು. ಎದ್ದು ನಿಂತು, ನಡು ಬಗ್ಗಿಸಿ, ಜೇನು ಸುರಿಯುವ ಮುಖ ಮಾಡಿಕೊಂಡು ಹೇಳಿದರು: “ಬನ್ನಿ ಮಹಾತಾಯಿ. ಕಿವಿ ಇದ್ದಾಗ ತಾನೇ ನೀವು ಚಾಡಿ ಬಿಟ್ಟು ಇನ್ನೇನು ಕೇಳಿದ್ರಿ? ನಿಮ್ಮ ಭಾಷಣಕ್ಕೆ ನಮ್ಮ ಕಿವಿ ಹೋಗಬೇಕಿತ್ತು. ತಪ್ಪಿ ನಿಮ್ಮದು ಹೋಯ್ತು.”

ಕೆಮಿಸ್ಟ್ರಿ ಮೇಡಂಗೆ ಟೀ ನೆತ್ತಿಗೇರಿತು.

ಹೆಡ್ ಮೇಡಂ ನಿಧಾನವಾಗಿ ಕುರ್ಚಿ ಎಳೆದು ಕೂತರು. “ಡಾಕ್ಟ್ರು ಎಡಗಿವಿಯಿಂದ ಗೋಲಿ ಗಾತ್ರದ ಗುಗ್ಗೆ ತೆಗೆದ್ರು. ಈಗ ಪಕ್ಕದ ರೂಮಲ್ಲಿ ಪುಟ ತಿರುವಿದ್ರೂ ಕೇಳತ್ತೆ. ನಿಮ್ಮ ಪ್ರಯೋಗ ಇಲ್ದಿದ್ರೆ ಕಿವಿ ಕಟ್ಟಿದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಆ ಖುಷೀಲಿ, ಇವತ್ತೇ ನಿಮ್ಮನ್ನ ಖಾಯಂ ಮಾಡ್ಬಿಡೋಣ ಅಂತ ನೇರ ಇಲ್ಲಿಗೇ ಬಂದೆ.”

ಮೇಷ್ಟ್ರ ಬಗ್ಗಿದ ನಡು ನೆಟ್ಟಗಾಗಲಿಲ್ಲ.

“ಬಂದಿದ್ದು ಒಳ್ಳೇದೇ ಆಯ್ತು,” ಮೇಡಂ ಎದ್ದರು. “ಭಾಷಣ ಅಂದ್ರಲ್ಲ, ಬನ್ನಿ ನನ್ನ ರೂಮಿಗೆ. ಬಾಗಿಲು ಹಾಕ್ಕೊಂಡೇ ಮಾಡ್ತೀನಿ.”