ತೋಳಿನ ಒಂದಿಂಚು

ಆ ಬೆಳಿಗ್ಗೆ ಹೆಂಡತಿಯ ಹೊಲಿಗೆ ಮೆಷಿನ್ ಮೇಲಿದ್ದ ಟೇಪನ್ನು ತೋಳಿಗೆ ಸುತ್ತಿಕೊಳ್ಳದೆ ಇದ್ದಿದ್ದರೆ ಗಡಿಯಾರ ರಿಪೇರಿಯವನ ಭುಜ ಸಂಜೆಯವರೆಗೂ ನೆಟ್ಟಗಿರುತ್ತಿತ್ತು. ಆದರೆ ಸುತ್ತಿಕೊಂಡ. ಹನ್ನೆರಡು ಇಂಚು. ಮೂರು ತಿಂಗಳ ಹಿಂದೆ ಹನ್ನೊಂದೇ ಇತ್ತು.

ಆಗ ಅವನು ಒಂದು ಜೊತೆ ಡಂಬೆಲ್ ತಂದಾಗಲೇ ಹೆಂಡತಿ ಷರತ್ತು ಹಾಕಿದ್ದಳು. ಊರವರ ಬಟ್ಟೆ ಹೊಲಿಯುವವಳು, ಅಳತೆಯ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. "ಮೂರು ತಿಂಗಳಲ್ಲಿ ತೋಳು ಒಂದಿಂಚಾದ್ರೂ ಬೆಳೀಬೇಕು. ಇಲ್ಲಾಂದ್ರೆ ಇವೆರಡೂ ನನ್ನ ತಮ್ಮನ ಮನೆಗೆ." ಗಡುವು ಇವತ್ತೇ. ತಮ್ಮ ಸಂಜೆ ಬರುವವನಿದ್ದ. ಡಂಬೆಲ್ ಹೋದರೆ ಹಾಳಾಗಿ ಹೋಗಲಿ, ಆ ದಾಂಡಿಗ ಭಾವಮೈದನ ನಗು ನೋಡಬೇಕಲ್ಲ ಎಂದು ನೆನೆದರೇ ಇವನಿಗೆ ಮೈ ಉರಿಯುತ್ತಿತ್ತು.

ನಿಜ ಹೇಳಬೇಕೆಂದರೆ ಕಸರತ್ತು ಮೊದಲ ವಾರ ಜೋರಾಗಿ ನಡೆದು ಆಮೇಲೆ ಭಾನುವಾರಕ್ಕೆ ಇಳಿದಿತ್ತು. ಉಳಿದ ದಿನ ಡಂಬೆಲ್‌ಗಳು ಮೆಷಿನ್ ಪಕ್ಕ ಬಿದ್ದುಕೊಂಡಿರುತ್ತಿದ್ದವು. ಎರಡು ಹೊತ್ತೂ ಕಸ ಗುಡಿಸುವಾಗ ಹೆಂಡತಿ ಗೊಣಗುತ್ತ ಅವನ್ನು ಎತ್ತಿ ಮೇಜಿನ ಮೇಲಿಟ್ಟು, ಗುಡಿಸಿ, ಮತ್ತೆ ಕೆಳಗಿಳಿಸುತ್ತಿದ್ದಳು.

"ಬೆಳೆದಿದೆ ಕಣೇ, ಬೇಕಾದ್ರೆ ನೋಡು," ಎಂದು ತೋಳು ಮುಂದೆ ಚಾಚಿದ.

"ಸಂಜೆ ನಾನೇ ಅಳೀತೀನಿ, ಹೋಗಿ. ನನ್ನ ಈ ರವಿಕೆ ಒಗೆದು ಒಗೆದು ಕುಗ್ಗಿಹೋಗಿದೆ, ತೋಳಿನ ಹೊಲಿಗೆ ಬಿಚ್ತಾ ಇದ್ದೀನಿ."

ಅಂಗಡಿಯಲ್ಲಿ ಅವನು ಅಂಗಿಯ ತೋಳು ಮೇಲಕ್ಕೆ ಮಡಚಿ ಕೂತ. ಪಕ್ಕದ ಔಷಧಿ ಅಂಗಡಿಯವನು ಇಣುಕಿದ. "ಏನ್ರೀ, ಸೆಕೆನಾ?"

"ಸೆಕೆ ಅಲ್ಲ, ಹನ್ನೆರಡು ಇಂಚು."

ಅಷ್ಟು ಹೇಳಿದ್ದೇ ತಪ್ಪಾಯಿತು. ಸುದ್ದಿ ಸಾಲು ಅಂಗಡಿಗಳನ್ನೆಲ್ಲ ಸುತ್ತಿತು. ಫೋಟೋ ಸ್ಟುಡಿಯೋದಾಕೆ ಬಂದು, "ನಮ್ಮ ಬಾಗಿಲ ಷಟರ್ ಸಿಕ್ಕಾಕಿಕೊಂಡಿದೆ, ನಿಮ್ಮಂಥೋರ ಕೈಲೇ ಆಗಬೇಕು," ಎಂದಳು. ನಿಮ್ಮಂಥೋರು ಅಂದಮೇಲೆ ಕೂರುವುದು ಹೇಗೆ? ಎತ್ತಿದ. ಆಮೇಲೆ ಚಪ್ಪಲಿ ಅಂಗಡಿಯ ಮೂಟೆಗಳು ಅಟ್ಟಕ್ಕೇರಿದವು. ಕೊನೆಗೆ ಔಷಧಿ ಅಂಗಡಿಯವನು ಕಬ್ಬಿಣದ ಬೀರು ತೋರಿಸಿ, "ಒಂಚೂರು ಆ ಗೋಡೆಗೆ ಸರಿಸಿಬಿಡಿ," ಎಂದ. ಬೀರು ಸರಿಯಿತು. ಭುಜವೂ ಕಟಕ್ಕೆಂದು ಸರಿಯಿತು.

ಮಧ್ಯಾಹ್ನದ ಮೇಲೆ ಚಿಮಟ ಹಿಡಿದರೆ ಭುಜ ಚಳಕ್ಕೆನ್ನುತ್ತಿತ್ತು. ಗಿರಾಕಿಯೊಬ್ಬರ ಕೈಗಡಿಯಾರದ ಸ್ಕ್ರೂ ಹಾರಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಔಷಧಿಯವನು ಮುಲಾಮು ಕೊಟ್ಟ, ಅದರ ದುಡ್ಡನ್ನೂ ಇಸಕೊಂಡ.

ಸಂಜೆ ಭಾವಮೈದ ಕಾಲು ಚಾಚಿ ಕೂತಿದ್ದ. ಇವನು ಹಲ್ಲು ಕಚ್ಚಿ ತೋಳು ಕೊಟ್ಟ. ಹೆಂಡತಿ ಟೇಪು ಸುತ್ತಿದಳು. "ಹನ್ನೆರಡು. ಒಂದು ಕಳೆದ್ರೆ ಹನ್ನೊಂದು."

"ಯಾಕೆ ಕಳೀಬೇಕು?"

"ಹೋದ ತಿಂಗಳು ಇಸ್ತ್ರಿ ಪೆಟ್ಟಿಗೆ ತಾಗಿ ತುದಿ ಸುಟ್ಟುಹೋಯ್ತಲ್ಲ, ಮೊದಲನೇ ಇಂಚು ಕತ್ತರಿಸಿ ಹಾಕಿದೆ. ಆವತ್ತಿಂದ ಯಾರಿಗೆ ಅಳೆದ್ರೂ ಒಂದು ಕಳೆದೇ ಬರ್ಕೊಳ್ಳೋದು."

ಭಾವಮೈದ ನಕ್ಕ, ಇವನು ಹೆದರಿದ್ದ ಹಾಗೆಯೇ ನಕ್ಕ. "ಇರಲಿ ಬಿಡಿ ಭಾವ," ಎನ್ನುತ್ತ ಒಂದು ಡಂಬೆಲ್ ಎತ್ತಲು ಬಗ್ಗಿ, ಉಸ್ಸೆಂದು ಸೊಂಟ ಹಿಡಿದುಕೊಂಡ.

"ಸರಿಯೋ ಆ ಕಡೆ," ಎನ್ನುತ್ತ ಅಕ್ಕ ಎರಡನ್ನೂ ಒಂದೊಂದು ಕೈಯಲ್ಲಿ ತೂಗಾಡಿಸಿಕೊಂಡು ಹೋಗಿ ಬಾಗಿಲ ಬಳಿ ಇಟ್ಟಳು.

ತಮ್ಮನ ನಗು ನಿಂತಿತು. "ಅಕ್ಕಾ, ಕೈ ಕೊಡು." ಟೇಪು ಸುತ್ತಿದ. "ಹದಿಮೂರು. ಕಳೆದ್ರೆ ಹನ್ನೆರಡು. ಮೊದಲೆಷ್ಟಿತ್ತು?"

"ಹನ್ನೊಂದು. ನನ್ನ ರವಿಕೆ ನಾನೇ ಹೊಲಿಯೋದು, ಗೊತ್ತಿಲ್ವಾ..." ಎಂದವಳ ಕಣ್ಣು ಹೊಲಿಗೆ ಬಿಚ್ಚಿಟ್ಟ ರವಿಕೆಯ ಕಡೆ ಹೊರಳಿತು. ರವಿಕೆ ಕುಗ್ಗಿರಲಿಲ್ಲ, ತೋಳೇ ಬೆಳೆದಿತ್ತು.

ಗಡಿಯಾರದವನಿಗೆ ಹೋದ ಜೀವ ಬಂತು. "ಷರತ್ತಲ್ಲಿ ಯಾರ ತೋಳು ಅಂತ ನೀನು ಹೇಳೇ ಇರಲಿಲ್ಲ."

ಹೆಂಡತಿ ಮಾತಿಗೆ ತಪ್ಪುವವಳಲ್ಲ. "ನಿಜ. ಹಾಗಾದ್ರೆ ಇಲ್ಲೇ ಇರಲಿ." ಭಾವಮೈದ ಬರಿಗೈಲಿ ಹೋದ. ಇವನು ಬಾಗಿಲವರೆಗೆ ಹೋಗಿ, ನೋಯದ ಕೈ ಬೀಸಿ ಬೀಳ್ಕೊಟ್ಟ.

ತಿರುಗಿ ನೋಡಿದರೆ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು.

"ನನ್ನ ತೋಳು ಇನ್ನೂ ಬೆಳೆದ್ರೆ ಇರೋ ರವಿಕೆಗಳ ಹೊಲಿಗೆಯೆಲ್ಲ ಬಿಚ್ಚಬೇಕಾಗುತ್ತೆ. ಇನ್ನು ಮೂರು ತಿಂಗಳು ಎರಡು ಹೊತ್ತೂ ಗುಡಿಸೋದು ನೀವು. ಡಂಬೆಲ್ ಎತ್ತಿಟ್ಟು ಗುಡಿಸಬೇಕು, ಸುತ್ತಲೂ ಗುಡಿಸಿ ಬರೋದಲ್ಲ. ಆಮೇಲೆ ನಿಮ್ಮ ತೋಳು ಅಳೀತೀನಿ."