ಕಾಕಾ ಹೇಳಿದ್ದೇ ಶಾಲೆಯ ಇತಿಹಾಸ

ನಮ್ಮ ಕಾಕಾ ಒಂದೇ ಹೈಸ್ಕೂಲಿನಲ್ಲಿ ನಲವತ್ತೆರಡು ವರ್ಷ ಇದ್ದರು. ಆದರೂ ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ!

ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಅರ್ಧ ಸತ್ಯ ಬರೆಯಬಾರದು. ಉಳಿದರ್ಧ ಹೀಗಿದೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ನಮ್ಮ ಬಡಾವಣೆಯಲ್ಲಿ ಸರ್ಕಾರಿ ಹೈಸ್ಕೂಲು ಶುರುವಾದಾಗ ಕಾಕಾ ಮೊದಲ ತಂಡದ ವಿದ್ಯಾರ್ಥಿ. ಮೂರು ವರ್ಷ ಕಲಿತು ಗಣಿತದಲ್ಲಿ ನಪಾಸಾದರು. ಕೆಲವು ವರ್ಷ ಹತ್ತಿ ಅಂಗಡಿಯಲ್ಲಿ ದುಡಿದು, ಅದೇ ಶಾಲೆಗೆ ಸಿಪಾಯಿಯಾಗಿ ಸೇರಿ, ಮೂವತ್ತೊಂಬತ್ತು ವರ್ಷ ಗಂಟೆ ಬಾರಿಸಿದರು. ನಪಾಸಾದ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ.

“ಪಾಸಾದವರೆಲ್ಲಾ ಸಾಲಿ ಬಿಟ್ಟು ಹೋದ್ರು. ಒಬ್ಬರಾದ್ರೂ ಇರಬೇಕೋ ಬ್ಯಾಡೋ?”

ಇದಕ್ಕೆ ಕಾಕಾನ ಹೆಂಡತಿ, ನಮ್ಮ ಕಾಕೂ, ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು: “ಹೌದ್ರಿ, ಸಾಲಿಗೆ ಕಂಬ ಕಡಿಮಿ ಬಿದ್ದಿದ್ದೂವು!” ಕಾಕೂ ಅದೇ ಮೊದಲ ತಂಡದಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು, ಗೋಪನಕೊಪ್ಪದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದವರು. ಅವರಿಗೆ ಹೀಗೆ ಹೇಳುವ ಅಧಿಕಾರವಿತ್ತು.

ಸಿಪಾಯಿಯ ಕೆಲಸ ಗಂಟೆ ಬಾರಿಸುವುದು, ಬಾಗಿಲು ತೆಗೆಯುವುದು ಅಂತ ನೀವು ತಿಳಿದಿರಬಹುದು. ಕಾಕಾ ಅದರ ಜೊತೆಗೆ ಸಂಪ್ರದಾಯಗಳನ್ನೂ ತಯಾರಿಸುತ್ತಿದ್ದರು. ಹೆಡ್ಮಾಸ್ತರರು ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ; ಕಾಕಾ ಆಗುವುದಿಲ್ಲ. ಹೊಸಬರು ಯಾವುದನ್ನು ಕೇಳಿದರೂ ಕಾಕಾ “ಇದು ಹಿಂದಿನಿಂದ ಬಂದದ್ದರಿ ಸರ್” ಅನ್ನುತ್ತಿದ್ದರು. ಎಷ್ಟು ಹಿಂದಿನಿಂದ? ಕೆಲವು ಹಿಂದಿನ ವಾರದಿಂದಲೂ ಬಂದಿದ್ದವು!

ಹೊಸ ಹೆಡ್ಮಾಸ್ತರರು ಬಂದ ದಿನ ಮೊದಲ ಗಂಟೆಯನ್ನು ಅವರೇ ಬಾರಿಸಬೇಕು ಎಂಬುದು ಅಂಥ ಒಂದು ಕಾಯಿದೆ. ಮೈಸೂರು ಕಡೆಯ ಒಬ್ಬರು ಹನ್ನೊಂದೂವರೆಗೆ, ಪಾಠ ನಡೆಯುತ್ತಿದ್ದಾಗ ಬಂದಿಳಿದರು. ಕಾಕಾ ಅವರ ಬ್ಯಾಗು ಇಸಿದುಕೊಂಡು ಕೈಗೆ ಸುತ್ತಿಗೆ ಕೊಟ್ಟರು.

“ಎಷ್ಟು ಸಲ ಹೊಡೀಬೇಕಪ್ಪಾ?”

“ನಿಮ್ಮ ಮನಸ್ಸು ತುಂಬೂತನಕ ಹೊಡೀರಿ ಸರ್.”

ಅವರಿಗೆ ಮನಸ್ಸು ತುಂಬಲು ತುಸು ಹೆಚ್ಚೇ ಹೊತ್ತು ಹಿಡಿಯಿತು. ಆ ಶಾಲೆಯಲ್ಲಿ ಉದ್ದ ಗಂಟೆ ಎಂದರೆ ಶಾಲೆ ಬಿಟ್ಟಂತೆ. ಐದೇ ನಿಮಿಷದಲ್ಲಿ ಇಡೀ ಶಾಲೆ ಖಾಲಿ! ಧೂಳು ಅಡಗಿದ ಮೇಲೆ ಅಂಗಳದಲ್ಲಿ ಉಳಿದವರು ಸುತ್ತಿಗೆ ಹಿಡಿದ ಹೆಡ್ಮಾಸ್ತರರು ಮತ್ತು ಬ್ಯಾಗು ಹಿಡಿದ ಕಾಕಾ.

“ಚಿಂತಿ ಮಾಡಬ್ಯಾಡ್ರಿ ಸರ್. ನಾಳೆ ಬರ್ತಾರ. ಹಿಂದಿನ ಸರ್ ಬಂದಾಗೂ ಹಿಂಗ ಆಗಿತ್ತು.”

ಹತ್ತನೆಯ ತರಗತಿಯವರು ಕೊನೆಯ ದಿನ ಅಂಗಳದ ಬೇವಿನ ಮರಕ್ಕೆ ಒಬ್ಬೊಬ್ಬರು ಒಂದೊಂದು ಕೊಡ ನೀರು ಹಾಕಬೇಕು ಎಂಬುದು ಇನ್ನೊಂದು. ಒಂದು ವರ್ಷ ಅಡ್ಡಮಳೆಯ ಗಾಳಿಗೆ ಮರ ಉರುಳಿತು. ಸಂಪ್ರದಾಯ ಉರುಳಲಿಲ್ಲ. ಮರುವರ್ಷ ಮಕ್ಕಳು ಮೊಂಡು ಬೊಡ್ಡೆಯ ಮುಂದೆ ಕೊಡ ಹಿಡಿದು ಸಾಲುಗಟ್ಟಿದರು. ವಿಜ್ಞಾನದ ಮಾಸ್ತರರು ತಡೆಯಲಾರದೆ ಕಾಕಾನನ್ನು ಕೇಳಿದರು.

“ಸತ್ತ ಗಿಡಕ್ಕ ನೀರು ಯಾಕೋ ಮಾರಾಯಾ?”

“ಸತ್ತ ಹಿರಿಯಾರಿಗೆ ಎಡಿ ಹಿಡಿಯೂದಿಲ್ಲೇನ್ರೀ ಸರ್? ಅವರೇನು ಎದ್ದು ಬಂದು ಉಣ್ತಾರ?”

ಅದರ ಮರುವರ್ಷ ವಿಜ್ಞಾನದ ಮಾಸ್ತರರೂ ಒಂದು ಕೊಡ ಹಾಕಿದರಂತೆ. ಇದಕ್ಕೆ ಕಾಕಾ ಒಬ್ಬರೇ ಸಾಕ್ಷಿ. ಆದ್ದರಿಂದ ‘ಅಂತೆ’ ಎಂದಿದ್ದೇನೆ.

ಎಲ್ಲಕ್ಕಿಂತ ದೊಡ್ಡದು ಶಾಲೆಯ ಹುಟ್ಟುಹಬ್ಬ. ಸ್ವಾತಂತ್ರ್ಯ ದಿನಾಚರಣೆಗೆ ಸರಿಯಾಗಿ ನಾಲ್ಕು ದಿನ ಮುಂಚೆ ಅದು ಬರುತ್ತದೆ. ಅವತ್ತು ಎಲ್ಲರಿಗೂ ಬುಂದೆ ಉಂಡಿ. ಜೊತೆಗೊಂದು ವಿಚಿತ್ರ ಕಟ್ಟಳೆ: ಬೆಳಗಿನ ಗಂಟೆಯಾದ ಮೇಲೆ ಹುಡುಗಿಯರು ಮೊದಲು ತರಗತಿಯೊಳಗೆ ಹೋಗಿ, ಬೇಕಾದ ಬೆಂಚು ಆರಿಸಿ ಕೂಡಬೇಕು. ಅಲ್ಲಿಯವರೆಗೆ ಹುಡುಗರು ಪಡಸಾಲೆಯಲ್ಲಿ ನಿಂತಿರಬೇಕು. ಯಾಕೆ ಎಂದು ಕೇಳಿದವರಿಗೆಲ್ಲ ಅದೇ ಉತ್ತರ: ಹಿಂದಿನಿಂದ ಬಂದದ್ದು. ಕಾಕಾ ನಿವೃತ್ತರಾಗಿ ಮೂರು ವರ್ಷವಾದರೂ ದಿನಾ ಬೆಳಿಗ್ಗೆ ಶಾಲೆಗೆ ಹೋಗಿ ಹೊಸ ಸಿಪಾಯಿಯ ಗಂಟೆಯಲ್ಲಿ ತಪ್ಪು ಹುಡುಕುತ್ತಿದ್ದರು. ಆ ಒಂದು ದಿನ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಹುಡುಗರನ್ನು ತಡೆಯುತ್ತಿದ್ದರು.

ಹೀಗಿರುವಾಗ ಶಾಲೆಗೆ ಐವತ್ತು ತುಂಬುವ ವರ್ಷ ಬಂತು. ಈಗಿನ ಮುಖ್ಯೋಪಾಧ್ಯಾಯಿನಿ ಕೆಲಗೇರಿಯವರು, ಶಿಸ್ತಿನವರು. ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನಾನು ಮೊದಲು ಮಾಡಿದ ಕೆಲಸ, ಹಳೆಯ ದಾಖಲಾತಿ ರಿಜಿಸ್ಟರು ತೆರೆದದ್ದು. ಮೊದಲ ಹಾಳೆಯ ಮೊದಲ ಸಾಲಿನಲ್ಲೇ ಎಡವಿದೆ. ಶಾಲೆ ಆರಂಭವಾದದ್ದು ಜೂನ್ ಮೊದಲ ವಾರದಲ್ಲಿ! ಇಷ್ಟು ವರ್ಷಗಳಿಂದ ಇಷ್ಟೊಂದು ಜನ ತಪ್ಪು ದಿನ ಉಂಡಿ ತಿಂದಿದ್ದರು.

“ಇಲಾಖೆ ಸಾಹೇಬರು ಬರೂವರು. ತಪ್ಪು ದಿನಾ ಹಾಕಿ ಕಾರ್ಡು ಹಂಚೂದು ಹೆಂಗ್ರಿ?” ಎಂದರು ಮುಖ್ಯೋಪಾಧ್ಯಾಯಿನಿ. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ದಾಖಲೆ ದಾಖಲೆಯೇ. ಸಮಾರಂಭ ಜೂನ್‌ನಲ್ಲಿ ಎಂದು ಹೆಚ್ಚುಕಡಿಮೆ ನಿಶ್ಚಯವಾಯಿತು. ಸುದ್ದಿಯನ್ನು ಕಾಕಾಗೆ ಮುಟ್ಟಿಸಿದವನು ನಾನೇ.

ಕಾಕಾ ಜಗಳಾಡಲಿಲ್ಲ. “ಹಂಗಾದ್ರ ನಾ ಬರಂಗಿಲ್ಲ,” ಎಂದರು. ಮರುದಿನದಿಂದ ಶಾಲೆಗೆ ಹೋಗುವುದನ್ನೇ ಬಿಟ್ಟರು.

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದುದೇ “ಕಾಕಾ ಇರ್ತಾರಲ್ಲ?” ಎಂದು. ಅವರಿಗೆ ಮಾಸ್ತರರ ಹೆಸರು ಮರೆತಿತ್ತು, ಕಾಕಾ ನೆನಪಿದ್ದರು. ನಾಲ್ಕನೆಯ ದಿನ ಕಾಕೂ ನನ್ನನ್ನು ತಡೆದು ನಿಲ್ಲಿಸಿದರು.

“ಏನರೆ ಮಾಡಿ ಇವರನ್ನ ಸಾಲಿಗೆ ಕಳಸೋ ಮಾರಾಯಾ! ಮನ್ಯಾಗ ಕುಂತು ನನ್ನ ಅಡಗಿಗೆ ಟೈಮ್ ಟೇಬಲ್ ಹಾಕಾಕತ್ತಾರ. ನಿನ್ನೆ ಪಲ್ಯಾ ಐದು ನಿಮಿಷ ತಡಾ ಆತಂತ ತಾಟು ಬಾರಿಸಿದ್ರು!”

ಐದನೆಯ ದಿನ ಕಾಕಾ ತಾವಾಗಿಯೇ ಬಂದರು. ನನ್ನನ್ನು ಶಾಲೆಗೆ ಕರೆದೊಯ್ದು ಅದೇ ರಿಜಿಸ್ಟರು ತೆಗೆಸಿದರು.

“ಪೇಪರಿನವಾ ನೀ. ಒಂದ ಹಾಳಿ ಓದಿ ಸುದ್ದಿ ಬರೀತಿಯೇನು? ಎರಡನೇದು ತಿರುವು.”

ತಿರುವಿದೆ. ಮೊದಲ ಹಾಳೆಯ ತುಂಬ ಹುಡುಗರ ಹೆಸರು. ಎರಡನೆಯ ಹಾಳೆಯಲ್ಲೂ ಹುಡುಗರೇ, ನಡುವೆ ಒಂದೇ ಒಂದು ಹುಡುಗಿಯ ಹೆಸರು. ಎರಡು ತಿಂಗಳು ತಡವಾಗಿ, ಆಗಸ್ಟ್‌ನಲ್ಲಿ ದಾಖಲಾಗಿದ್ದಳು. ಸ್ವಾತಂತ್ರ್ಯ ದಿನಾಚರಣೆಗೆ ನಾಲ್ಕು ದಿನ ಮುಂಚೆ. ಎದುರಿಗೆ ತಂದೆಯ ಹೆಸರು, ಊರು. ನನಗೆ ಗೊತ್ತಿದ್ದ ಹೆಸರುಗಳೇ. ಅದು ನಮ್ಮ ಕಾಕೂನ ತವರುಮನೆ.

ಕಾಕಾ ಕಿಟಕಿಯ ಸರಳು ಒರೆಸುತ್ತ ನಿಂತಿದ್ದರು.

“ಅವರಪ್ಪ ಮದಲ ಒಲ್ಲೆ ಅಂದಿದ್ನಂತ. ಎರಡ ತಿಂಗಳ ಅತ್ತು ಕರದು ಬಂದ್ಲು. ಎಲ್ಲಾ ಹುಡುಗೂರು, ಈಕಿ ಒಬ್ಬಾಕಿ. ಇಡೀ ಬೆಂಚಿಗೆ ಒಬ್ಬಾಕಿ, ಮೂರು ವರ್ಷ. ಹೊಳ್ಳಿ ಯಾರೂ ನೋಡಬಾರದು, ಮಾತಾಡಬಾರದು. ಒಮ್ಮೆ ಆಕಿ ಪೆನ್ಸಿಲ್ ಮುರದಿತ್ತಂತ ನಂದು ಕೊಟ್ಟು ಆ ಬೆಂಚಿನ ತುದೀಗೆ ಕುಂತೆ ನೋಡು. ಮಾಸ್ತರ ಬೆತ್ತಾನೂ ಮುರೀತು.”

“ಮತ್ತ ಸಾಲಿ ಸುರು ಆದದ್ದು ಜೂನ್‌ನಾಗ ಅಲ್ಲೇನು ಕಾಕಾ?”

“ಸರ್ಕಾರಕ್ಕ ಸುರು ಆತು.”

ಕಾಕೂ ತಮ್ಮ ಶಾಲೆಯಲ್ಲಿ ದುಡಿಯುತ್ತಿದ್ದವರು. ಈ ಹುಟ್ಟುಹಬ್ಬಕ್ಕೆ ಒಂದು ವರ್ಷವೂ ಬಂದಿರಲಿಲ್ಲ. ಅವರಿಗೆ ಇದು ಗೊತ್ತೇ ಎಂದು ಕೇಳಿದೆ. ಕಾಕಾ ಗಾಬರಿಯಾದರು.

“ಆಕಿಗೆ ಹೇಳಿದ್ರ ನಗ್ತಾಳೋ! ಹೆಸರು ಬರೀಬ್ಯಾಡ, ಕೈ ಮುಗೀತೇನಿ.”

ಹೆಸರು ಬರೆಯಲಿಲ್ಲ. ಸುಳ್ಳನ್ನೂ ಬರೆಯಲಿಲ್ಲ. ಸಂಚಿಕೆಯಲ್ಲಿ ಇಷ್ಟೇ ಇತ್ತು: ‘ಶಾಲೆ ಜೂನ್‌ನಲ್ಲಿ ಆರಂಭವಾಯಿತು. ಮೊದಲ ವಿದ್ಯಾರ್ಥಿನಿ ದಾಖಲಾದದ್ದು ಆಗಸ್ಟ್‌ನಲ್ಲಿ. ಆ ದಿನವನ್ನೇ ಹುಟ್ಟುಹಬ್ಬವಾಗಿ ಆಚರಿಸುವುದು ಈ ಶಾಲೆಯ ಸಂಪ್ರದಾಯ.’ ಮುಖ್ಯೋಪಾಧ್ಯಾಯಿನಿ ಅದನ್ನು ಓದಿ, ಕಾರ್ಡಿನಲ್ಲಿ ಆಗಸ್ಟ್ ಎಂದೇ ಹಾಕಿಸಿದರು.

ಸಮಾರಂಭದ ದಿನ ಕಾಕೂ ಮೊದಲ ತಂಡದವರ ಸಾಲಿನಲ್ಲಿ ಕೂತಿದ್ದರು. ಕಾಕಾ ಎಂದಿನಂತೆ ಕೂತಿರಲಿಲ್ಲ. ಮೈಕಿನ ವೈರು ಸಡಿಲಾಗಿತ್ತು. ಅದನ್ನು ಕೈಯಲ್ಲಿ ಒತ್ತಿ ಹಿಡಿದು ಪೆಂಡಾಲಿನ ಕಂಬಕ್ಕೆ ಆತು ನಿಂತಿದ್ದರು. ಮುಖ್ಯೋಪಾಧ್ಯಾಯಿನಿ ವೇದಿಕೆಯಿಂದ ಆ ಮೂರು ಸಾಲು ಓದಿದರು.

ಕಾಕೂ ಚಾಳೀಸು ಹಾಕಿಕೊಂಡು ಸಂಚಿಕೆ ತೆರೆದರು. ಅದೇ ಸಾಲುಗಳನ್ನು ಎರಡು ಸಲ ಓದಿದರು. ಆಮೇಲೆ ತಲೆಯೆತ್ತಿ ಕಂಬದ ಕಡೆ ನೋಡಿದರು. ಕಾಕಾ ಪೆಂಡಾಲಿನ ಬಟ್ಟೆಯಲ್ಲಿ ತೂತು ಹುಡುಕುತ್ತಿದ್ದರು. ಕಾಕೂ ನಗಲಿಲ್ಲ. ಪಕ್ಕದ ಖುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು ಕೆಳಗಿಟ್ಟರು.

“ಏನ್ರೀ, ಇಲ್ಲೆ ಬರ್ರಿ, ಜಾಗಾ ಐತಿ. ಈಗ ಯಾವ ಮಾಸ್ತರೂ ಬಡಿಯಂಗಿಲ್ಲ.”

ಕಾಕಾ ವೈರು ಬಿಟ್ಟರು. ಮೈಕು ನಿಂತಿತು. ಅವರು ಹೋಗಿ ಕೂತರು.